ದ್ಯಾಮವ್ವನ ಕೌದಿಯ ಖಾಲಿ ಮನೆಗಳು

ಹೋದ ಶನಿವಾರ ಗಂಗಾವತಿಯ ಪಾತ್ರೆ ಅಂಗಡಿಯೊಂದರಲ್ಲಿ ಕುಕ್ಕರಿನ ರಬ್ಬರಿಗಾಗಿ ನಿಂತಿದ್ದೆ. ನಮ್ಮ ಮನೆಯ ಕುಕ್ಕರು ಈಚೆಗೆ ನನ್ನಂತೆಯೇ ಆಗಿದೆ, ಸೀಟಿ ಹೊಡೆಯುವುದನ್ನು ಬಿಟ್ಟು ಸುತ್ತಲೂ ಉಸಿರು ಬಿಡುತ್ತದೆ. ಅಂಗಡಿಯ ಹುಡುಗ ಅಟ್ಟ ಹತ್ತಿ ರಬ್ಬರು ಹುಡುಕುವಷ್ಟರಲ್ಲಿ ನನ್ನ ಕಣ್ಣು ಗಲ್ಲೆಯ ಪಕ್ಕ ತೂಗುಹಾಕಿದ್ದ ಪ್ಲಾಸ್ಟಿಕ್ ಹಾಳೆಗಳ ಮೇಲೆ ಬಿತ್ತು. ಊಟದ ತಟ್ಟೆಯ ಕೆಳಗೆ ಹಾಸುತ್ತಾರಲ್ಲ, ಅವು. ಒಂದರ ಮೇಲೆ ಮಾವಿನಹಣ್ಣು, ಇನ್ನೊಂದರ ಮೇಲೆ ಮಗ್ಗಿ, ಮತ್ತೊಂದರ ಮೇಲೆ ಬಣ್ಣಬಣ್ಣದ ಆವರ್ತ ಕೋಷ್ಟಕ! ಜಲಜನಕದಿಂದ ಹಿಡಿದು ನೂರಾ ಹದಿನೆಂಟನೆಯ ಧಾತುವಿನವರೆಗೆ ಎಲ್ಲರೂ ತಂತಮ್ಮ ಮನೆಯಲ್ಲಿ ಕೂತಿದ್ದರು. ಕೊನೆಯ ಸಾಲಿನ ಬಲತುದಿಯನ್ನು ಬೆರಳಿಟ್ಟು ನೋಡಿದೆ. ಅಲ್ಲಿಯೂ ತುಂಬಿತ್ತು.

"ಒಂದೂ ಖಾಲಿ ಇಲ್ಲಲ್ಲ" ಎಂದು ಬಾಯಿಬಿಟ್ಟೇ ಅಂದುಬಿಟ್ಟೆ.

"ಖಾಲಿದು ಬೇಕೇನ್ರಿ ಅಕ್ಕಾರ? ಪ್ಲೇನ್ ಸೈತ ಅದಾವರಿ" ಎಂದ ಅಂಗಡಿಯವನು.

ಅವನಿಗೆ ಏನೆಂದು ಹೇಳಲಿ? ಮರುದಿನ ನಾನು ಕೊಪ್ಪಳಕ್ಕೆ ಹೋಗುವುದಿತ್ತು. ಅಲ್ಲಿ ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದ ಒಂದು ಕೌದಿಯನ್ನು ಮುಗಿಸುವ ಕಾರ್ಯ. ಆ ಕೌದಿ ಶುರುವಾದದ್ದು ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ, ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ. ಒಂದು ಕೌದಿಗೆ ಇಷ್ಟು ಕಾಲ ಯಾಕೆ ಹಿಡಿಯಿತು ಎಂದು ನೀವು ಕೇಳಬಹುದು. ಅದನ್ನೇ ಹೇಳುತ್ತಿದ್ದೇನೆ, ಸ್ವಲ್ಪ ಸುತ್ತುಬಳಸಿ.

ಆ ವರ್ಷ ನನಗೆ ಹನುಮಸಾಗರದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಕೆಲಸ ಸಿಕ್ಕಿತು. ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ, ನಾನು ಆ ಹಳ್ಳಿಯಲ್ಲಿ. ಮೂರು ಹೊತ್ತೂ ಅನ್ನ ಉಂಡು ಬೆಳೆದ ಕಾಲುವೆ ನೀರಿನ ಕಡೆಯವಳು ನಾನು. ಸಜ್ಜಿ ರೊಟ್ಟಿಯನ್ನು ಮೊದಲ ದಿನ ಬಾಯಿಗಿಟ್ಟಾಗ ದವಡೆ ನೊಂದು, ಎರಡನೆಯ ದಿನ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಅನ್ನದ ವಾಸನೆಗಾಗಿ ಮೂಗು ಅರಳಿಸಿದ್ದುಂಟು. ನನಗೆ ಕೋಣೆ ಬಾಡಿಗೆಗೆ ಕೊಟ್ಟ ದ್ಯಾಮವ್ವ ಅದನ್ನು ಕಂಡು, "ಅಕ್ಕಾರ, ರೊಟ್ಟಿ ಕಡೀಬಾರದ್ರಿ, ಮುರೀಬೇಕು" ಎಂದು ನಕ್ಕಿದ್ದಳು. ದ್ಯಾಮವ್ವನದು ಅರವತ್ತರ ಆಚೆಯ ವಯಸ್ಸು. ಊರಿನಲ್ಲಿ ಯಾರ ಮನೆಗೆ ಕೌದಿ ಬೇಕೆಂದರೂ ಸೂಜಿ ಹಿಡಿದು ಮುಂದೆ ಕೂರುತ್ತಿದ್ದವಳು ಅವಳೇ. ಮನೆಯಲ್ಲಿ ಮಗ ಶರಣಪ್ಪ, ಕುಷ್ಟಗಿ ಹನುಮಸಾಗರದ ನಡುವೆ ಟ್ರ್ಯಾಕ್ಸ್ ಗಾಡಿ ಓಡಿಸುವವನು. ಅವನ ಮಗಳು ನೀಲಾ, ನನ್ನದೇ ಹತ್ತನೆಯ ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕೂತು, ನಾನು ತಪ್ಪಿದಲ್ಲೆಲ್ಲ ಕಣ್ಣು ಕಿರಿದು ಮಾಡುವ ಹುಡುಗಿ. ತಾಯಿಯಿಲ್ಲದ ಅವಳನ್ನು ಬೆಳೆಸಿದವಳು, ಅವಳು ಆಯಿ ಎಂದು ಕರೆಯುವ ಅಜ್ಜಿ ದ್ಯಾಮವ್ವನೇ.

ಶಾಲೆಯಲ್ಲಿ ಆವರ್ತ ಕೋಷ್ಟಕದ ಪಟವೊಂದಿತ್ತು. ಬಿಚ್ಚಿ ನೋಡಿದರೆ ಗೆದ್ದಲು ಬಲಗಡೆಯನ್ನೆಲ್ಲ ತಿಂದು ಹಾಕಿತ್ತು. ಯಾರ ಗೊಡವೆಗೂ ಹೋಗದ ಜಡ ಅನಿಲಗಳೇ ಮೊದಲು ಗೆದ್ದಲಿನ ಹೊಟ್ಟೆ ಸೇರಿದ್ದವು. ಹೆಡ್‌ಮಾಸ್ತರರನ್ನು ಕೇಳಿದರೆ, "ಹೊಸಾ ಜಿಲ್ಲಾ ಆಗೇತಿ, ಕೊಪ್ಪಳಕ ಎಲ್ಲಾ ಬರತಾವ, ಸ್ವಲ್ಪ ತಡೀರಿ" ಎಂದರು. ತಡೆಯುವುದು ನನ್ನ ಜಾಯಮಾನವಲ್ಲ. ಒಂದು ಸಂಜೆ ದ್ಯಾಮವ್ವ ಹಳೆಯ ಬಟ್ಟೆಯ ಮೂಟೆ ಬಿಚ್ಚಿ ತುಂಡುಗಳನ್ನು ಬಣ್ಣಕ್ಕೊಂದರಂತೆ ಗುಡ್ಡೆ ಹಾಕುತ್ತಿದ್ದಾಗ ನನಗೆ ಹೊಳೆಯಿತು. ಬಟ್ಟೆಯಲ್ಲೇ ಯಾಕೆ ಪಟ ಮಾಡಬಾರದು? ಗೆದ್ದಲಿಗೆ ಬಟ್ಟೆಯೂ ರುಚಿಸುತ್ತದೆ ಎಂಬುದು ವಿಜ್ಞಾನದ ಟೀಚರಿಗೆ ಆಗ ನೆನಪಾಗಲಿಲ್ಲ.

"ಹೊಲಿಯೋಣಂತ. ಆದ್ರ ಈ ಮೂಟಿ ನೀಲಾಂದು" ಎಂದಳು ದ್ಯಾಮವ್ವ. "ಆಕಿ ಹುಟ್ಟಿದಾಗಿಂದ ಕೂಡಿಸೇನಿ. ಗಂಡನ ಮನಿಗಿ ಹೋಗೋವಾಗ ಕೌದಿ ಆಕಿ ಜೋಡಿ ಹೊಕ್ಕೈತಿ. ಅಲ್ಲೀತನಕ ನಿಮ್ಮ ಸಾಲ್ಯಾಗಿರಲಿ."

ಒಪ್ಪಿಕೊಂಡೆ. ಹಾಗೆ ಶುರುವಾಯಿತು.

ನಾನು ಸುಣ್ಣದ ಕಡ್ಡಿಯಿಂದ ಹಳೆಯ ಧೋತರದ ಮೇಲೆ ಗೆರೆ ಹಾಕಿದೆ. ಅಡ್ಡಕ್ಕೆ ಅಂಗೈಯಗಲ, ಉದ್ದಕ್ಕೆ ಗೇಣು, ಅದು ಒಂದು ಮನೆ. ದ್ಯಾಮವ್ವ ಸುಮ್ಮನೆ ತುಂಡು ಹಚ್ಚುವವಳಲ್ಲ. ಪ್ರತಿ ಗುಂಪಿಗೂ "ಇವರ ಗುಣಾ ಏನ್ರಿ?" ಎಂದು ಕೇಳುತ್ತಿದ್ದಳು. ಎಡತುದಿಯ ಸೋಡಿಯಂ, ಪೊಟ್ಯಾಸಿಯಂಗಳ ಗುಂಪು ನೀರು ತಾಗಿದರೆ ಸಾಕು ಧಗ್ಗನೆ ಉರಿದೇಳುತ್ತದೆ ಎಂದೆ. "ಹಂಗಾರ ನಮ್ಮ ಶರಣ್ಯಾನ ರುಮಾಲ ಹಚ್ಚು" ಎಂದು ಮಗನ ಹಳೆಯ ಕೆಂಪು ರುಮಾಲನ್ನು ಕತ್ತರಿಸಿದಳು. ಫ್ಲೋರಿನ್, ಕ್ಲೋರಿನ್‌ಗಳಿಗೆ ತುಂಬಿದ ಮನೆಯಾಗಲು ಒಂದೇ ಒಂದು ಎಲೆಕ್ಟ್ರಾನು ಕಡಿಮೆ, ಅದಕ್ಕಾಗಿ ಕಂಡಕಂಡವರ ಹತ್ತಿರ ಕಸಿಯುತ್ತವೆ ಎಂದೆ. ಅವಕ್ಕೆ ಕುಬಸದ ಹಸಿರು ಖಣ ಬಂತು. ಕಬ್ಬಿಣ, ತಾಮ್ರ, ಸತುವು ಇರುವ ನಡುವಿನ ದೊಡ್ಡ ಓಣಿಗೆ, ದುಡಿಯುವ ಮಂದಿಯೆಂದು, ಖಾಕಿ. ಬಲತುದಿಯ ಜಡ ಅನಿಲಗಳು ಯಾರಿಂದಲೂ ಬೇಡುವುದಿಲ್ಲ, ಯಾರಿಗೂ ಕೊಡುವುದಿಲ್ಲ ಎಂದಾಗ ದ್ಯಾಮವ್ವ ಒಳಗೆ ಹೋಗಿ ತನ್ನ ಮದುವೆಯ ಇಳಕಲ್ ಸೀರೆಯ ರೇಷ್ಮೆ ಸೆರಗನ್ನೇ ತಂದಳು. ಸಂಕೇತಗಳನ್ನು ದಾರದಲ್ಲಿ ಹೊಲಿದದ್ದು ನೀಲಾ. ಹೊಲಿಯುತ್ತ ಹೊಲಿಯುತ್ತ ಅವಳಿಗೆ ಇಡೀ ಕೋಷ್ಟಕ ಬಾಯಿಪಾಠವಾಯಿತು. ನನಗೂ ಆಯಿತು ಎನ್ನಿ. ಅಲ್ಲಿಯವರೆಗೆ ನಾನು ಪುಸ್ತಕ ನೋಡಿಕೊಂಡೇ ಪಾಠ ಮಾಡುತ್ತಿದ್ದೆ.

ಪುಸ್ತಕದಲ್ಲಿ ಎರಡು ಸಾಲುಗಳನ್ನು ಕೋಷ್ಟಕದ ಕೆಳಗೆ ಬೇರೆಯಾಗಿ ಇಟ್ಟಿರುತ್ತಾರಲ್ಲ, ಅದು ಮಾತ್ರ ದ್ಯಾಮವ್ವನಿಗೆ ಸರಿಬರಲಿಲ್ಲ.

"ಇವರನ್ನ್ಯಾಕ ಹೊರಗ ಕುಂದ್ರಿಸೀರಿ?"

"ಹೊರಗಿನವರಲ್ಲ ಅವ್ವಾ. ಒಳಗಿನವರ ಅದಾರ. ಹಾಳ್ಯಾಗ ಜಾಗಾ ಸಾಲಂಗಿಲ್ಲಂತ ಹಂಗ ಮಾಡ್ಯಾರ."

"ಹಾಳಿ ಸಾಲದಿದ್ರ ಸಾಲದಿರಲಿ. ಅರಿವಿ ಐತಲ್ಲ! ಒಳಗ ತಗೋ" ಎಂದು ಬಟ್ಟೆಯ ಗುಡ್ಡೆ ತೋರಿಸಿ ಅಷ್ಟನ್ನೂ ನಡುವೆ ಸೇರಿಸಿಬಿಟ್ಟಳು. ಹಾಗಾಗಿ ನಮ್ಮ ಕೌದಿ ಮೂವರು ಆರಾಮಾಗಿ ಮಲಗುವಷ್ಟು ಅಗಲವಾಯಿತು. ಅದನ್ನು ತೂಗುಹಾಕಲು ಶಾಲೆಯ ಯಾವ ಗೋಡೆಯೂ ಸಾಲದೆ, ಹುಣಸೆಮರದ ಕೆಳಗೆ ಹಾಸಿಯೇ ನಾನು ಪಾಠ ಮಾಡಬೇಕಾಯಿತು. ಮಕ್ಕಳು ಚಪ್ಪಲಿ ಬಿಟ್ಟು ಸುತ್ತಲೂ ಕೂರುತ್ತಿದ್ದರು.

ಕೊನೆಯ ಸಾಲಿನ ತುದಿಗೆ ಬಂದಾಗ ಸೂಜಿ ನಿಂತಿತು. ಆ ಕಾಲಕ್ಕೆ ನೂರಾ ಹನ್ನೆರಡು ಧಾತುಗಳಷ್ಟೇ ತಿಳಿದಿದ್ದವು. ಸಾಲು ತುಂಬಲು ಇನ್ನೂ ಆರು ಬೇಕಿತ್ತು. ದ್ಯಾಮವ್ವ "ಇವು ಯಾರವು?" ಎಂದಳು. ಇನ್ನೂ ಸಿಕ್ಕಿಲ್ಲ ಎಂದೆ. ಈ ಕೋಷ್ಟಕವನ್ನು ಮೊದಲು ಕಟ್ಟಿದ ರಷ್ಯಾದ ಗಡ್ಡದ ಮೇಷ್ಟ್ರ ಕಥೆಯನ್ನೂ ಹೇಳಿದೆ. ಆಗ ಗೊತ್ತಿದ್ದ ಧಾತುಗಳು ಅರವತ್ತರ ಆಸುಪಾಸು. ಆತ ಅವನ್ನು ತೂಕದ ಪ್ರಕಾರ ಜೋಡಿಸುತ್ತ ಹೋದಂತೆ, ಗುಣ ಮತ್ತೆ ಮತ್ತೆ ತಿರುಗಿ ಬರುವುದು ಕಂಡಿತು. ಎಲ್ಲಿ ಗುಣ ಹೊಂದಲಿಲ್ಲವೋ ಅಲ್ಲಿ ಇದ್ದವರನ್ನು ತುರುಕದೆ ಮನೆಯನ್ನು ಖಾಲಿ ಬಿಟ್ಟು, ಇಲ್ಲಿಗೆ ಇಂಥವನೊಬ್ಬ ಬರುತ್ತಾನೆ, ಅವನ ತೂಕ ಇಷ್ಟಿರುತ್ತದೆ, ಗುಣ ಹೀಗಿರುತ್ತದೆ ಎಂದು ಬರೆದಿಟ್ಟ. ಜನ ನಕ್ಕರು. ಕೆಲವೇ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಬಂದರು, ಆತ ಹೇಳಿದಂತೆಯೇ ಇದ್ದರು.

ಕಥೆ ಮುಗಿದಾಗ ದ್ಯಾಮವ್ವ ಕೇಳಿದ್ದು ಒಂದೇ ಮಾತು. "ಅಜ್ಜ ಅವರು ಬರೋತನಕ ಕಾದ್ನ?"

"ಕಾದರು."

"ಹಂಗಾರ ನಾವೂ ಕಾಯೋಣು" ಎಂದು ದಾರ ಕಡಿದಳು.

ಈಗ ದ್ಯಾಮವ್ವನ ಮನೆಯ ಪದ್ಧತಿಯೊಂದನ್ನು ಹೇಳಬೇಕು. ಕೌದಿ ಹೊಲಿಯುವಾಗ ಒಂದು ಮೂಲೆಯನ್ನು ಬಿಟ್ಟಿರುತ್ತಾರೆ. ಎಲ್ಲ ಮುಗಿದ ಮೇಲೆ ಆ ಮೂಲೆಯೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಹೋಳಿಗೆ ಇಟ್ಟು ಹೊಲಿದುಬಿಡುತ್ತಾರೆ. ಅದಕ್ಕೆ ಬುತ್ತಿ ಇಡುವುದು ಎನ್ನುತ್ತಾರೆ. ಹಸಿದ ಕೌದಿಯನ್ನು ಹೊದೆಯಬಾರದು, ಹೊದ್ದವರೂ ಹಸಿಯುತ್ತಾರೆ ಎಂಬ ನಂಬಿಕೆ. ಖಾಲಿ ಮನೆಯಿರುವ ಕೌದಿಗೆ ಬುತ್ತಿಯಿಲ್ಲ. ಬುತ್ತಿಯಿಲ್ಲದ ಕೌದಿ ಮದುಮಗಳ ಜೊತೆ ಹೋಗುವಂತಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಶರಣಪ್ಪ ಒಂದು ಸುದ್ದಿ ತಂದ. ಯಲಬುರ್ಗಾ ಕಡೆಯ ಸಂಬಂಧ, ಹುಡುಗನಿಗೆ ನೀರಾವರಿ ಹೊಲ, ಹತ್ತನೆಯ ತರಗತಿ ಮುಗಿದ ಕೂಡಲೇ ಅಕ್ಕಿಕಾಳು ಹಾಕಿ ಮದುವೆ. ನೀಲಾ ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ನಿಂತಿತು. ಕಾಲೇಜಿಗೆ ಹೋಗಬೇಕು, ರಸಾಯನಶಾಸ್ತ್ರವನ್ನೇ ಓದಬೇಕು ಎಂದು ಅವಳು ಹಿಂದಿನ ದಿನವಷ್ಟೇ ನನ್ನ ಹತ್ತಿರ ಹೇಳಿಕೊಂಡಿದ್ದಳು. ಬಾಡಿಗೆಯವಳು ನಾನು, ನಡುವೆ ಬಾಯಿ ಹಾಕುವುದು ಹೇಗೆ?

ದ್ಯಾಮವ್ವ ಎಲೆಗೆ ಸುಣ್ಣ ಹಚ್ಚುತ್ತ, "ಛಲೋ ಆತು. ಆದ್ರ ಕೌದಿ ಮುಗೀಲಿ" ಎಂದಳು.

"ಯಾವಾಗ ಮುಗಿತೈತಿ?"

"ನನಗೇನ ಗೊತ್ತೋ? ಅಕ್ಕಾರನ್ನ ಕೇಳು. ಆರ ಮನಿ ಖಾಲಿ ಅದಾವ."

ಶರಣಪ್ಪ ನನ್ನ ಕಡೆ ತಿರುಗಿದ. ನಾನು ನಿಜವನ್ನೇ ಹೇಳಿದೆ. "ಇನ್ನೂ ಸಿಕ್ಕಿಲ್ಲರಿ. ರಷ್ಯಾ, ಜರ್ಮನಿ, ಅಮೆರಿಕಾದಾಗ ಹುಡುಕಾಕ ಹತ್ಯಾರ."

"ಎಷ್ಟ ದಿನಾ ಬೇಕರಿ?"

"ಹೇಳಾಕ ಬರಂಗಿಲ್ಲರಿ. ವರ್ಷಾನೂ ಆಗಬಹುದು, ಹತ್ತ ವರ್ಷಾನೂ ಆಗಬಹುದು."

"ಏನ್ ಯವ್ವಾ ಇದು!" ಎಂದು ಅವನು ತಾಯಿಯ ಮೇಲೆ ಹರಿಹಾಯ್ದ. "ಅಮೆರಿಕಾದವರು ಹುಡುಕೋತನಕ ನನ್ನ ಮಗಳು ಮನ್ಯಾಗ ಕುಂದ್ರಬೇಕೇನು? ಯಾವುದಾರ ತುಂಡ ಹಚ್ಚಿ ಮುಗಸು."

"ಯಾರದಂತ ಗೊತ್ತಿಲ್ಲದ ಮನಿಗಿ ನಾ ಅರಿವಿ ಹಚ್ಚಾಕಿ ಅಲ್ಲ. ಮತ್ತ ಮನ್ಯಾಗ ಯಾಕ ಕುಂದ್ರತಾಳ? ಅಲ್ಲೀತನಕ ಸಾಲಿಗಿ ಹೋಗ್ಲಿ."

ಶರಣಪ್ಪ ಟ್ರ್ಯಾಕ್ಸ್ ಗಾಡಿಯನ್ನು ಸಿಟ್ಟಿನಿಂದಲೇ ಚಾಲೂ ಮಾಡಿಕೊಂಡು ಹೋದ. ಸದ್ದು ದೂರವಾದ ಮೇಲೆ ನಾನು ಕೇಳಿದೆ, "ಅವ್ವಾ, ಖರೇನ ಕಾಯ್ತೀರೇನ್ರಿ?"

ದ್ಯಾಮವ್ವ ಹೇಳಿದಳು. "ನಾ ಈ ಮನಿಗಿ ಬರೋವಾಗ ಗೊಂಬಿ ಆಡೋ ಹುಡಿಗಿ. ನನ್ನ ಕೌದಿ ಅರ್ಧಾ ಆಗಿತ್ತು. ಹಂಗ ಕೊಟ್ಟ ಕಳಿಸಿದ್ರು. ಉಳಿದದ್ದು ಆಮ್ಯಾಲ ಹೊಲದ ಕೊಡ್ತೀನಂದ್ಲು ನಮ್ಮವ್ವ. ಆಕಿನ ಉಳೀಲಿಲ್ಲ. ಅರ್ಧಾ ಕೌದ್ಯಾಗ ಕಾಲ ಹೊರಗ ಬರ್ತಾವರಿ ಅಕ್ಕಾರ. ಥಂಡ್ಯಾಗ ಮುದುಡಿಕೊಂಡ ಮಲಗಿ ಮಲಗಿ ನಾ ಬೆಳದೇನಿ. ನೀಲಾ ಕಾಲ ಚಾಚಿ ಮಲಗಬೇಕು."

ನನಗೆ ಅಳು ಬಂತು. ದ್ಯಾಮವ್ವನ ಮುಂದೆಯೇ ಅತ್ತೆ. ಅವಳು ನನ್ನ ಕೈಗೆ ಒಂದು ಎಲೆ ಮಡಚಿ ಕೊಟ್ಟಳು.

ಯಲಬುರ್ಗಾದವರು ಒಂದು ಬೇಸಿಗೆ ಕಾದರು, ಆಮೇಲೆ ಬೇರೆ ಕಡೆ ಹೆಣ್ಣು ತಂದರು. ನೀಲಾ ಕುಷ್ಟಗಿಯ ಕಾಲೇಜಿಗೆ ಸೇರಿದಳು, ಅಪ್ಪನ ಗಾಡಿಯಲ್ಲೇ ಹೋಗುತ್ತಿದ್ದಳು. ಹೋಗುವಾಗ ಬರುವಾಗ ಶರಣಪ್ಪ ನನ್ನನ್ನು ಕಂಡರೆ ಸಾಕು, "ಸಿಕ್ಕವೇನ್ರಿ ಅಕ್ಕಾರ?" ಎಂದು ಕೂಗುತ್ತಿದ್ದ. ಕಳೆದುಹೋದ ಎಮ್ಮೆಗಳ ವಿಚಾರವೇ ಇರಬೇಕೆಂದು ಗಾಡಿಯೊಳಗಿನ ಜನ ತಿಳಿದಿದ್ದರಂತೆ.

ತೊಂಬತ್ತೊಂಬತ್ತರಲ್ಲಿ ಒಂದು ದಿನ ನೀಲಾ ಪತ್ರಿಕೆಯ ತುಂಡೊಂದನ್ನು ಹಿಡಿದು ಓಡಿ ಬಂದಳು. ಮುಖ ಬಿಳಚಿಕೊಂಡಿತ್ತು. ಅಮೆರಿಕದ ಯಾವುದೋ ಪ್ರಯೋಗಾಲಯದವರು ನೂರಾ ಹದಿನೆಂಟನೆಯದನ್ನೂ ನೂರಾ ಹದಿನಾರನೆಯದನ್ನೂ ಒಟ್ಟಿಗೆ ಕಂಡರಂತೆ. ಜಗತ್ತಿನಲ್ಲಿ ಹೊಸ ಧಾತು ಸಿಕ್ಕಿತೆಂದು ಬಿಕ್ಕಿ ಬಿಕ್ಕಿ ಅತ್ತ ವಿಜ್ಞಾನದ ವಿದ್ಯಾರ್ಥಿನಿ ಅವಳೊಬ್ಬಳೇ ಇರಬೇಕು. ಶರಣಪ್ಪ ಆ ಪತ್ರಿಕೆಯನ್ನು ಬಸ್ ನಿಲ್ದಾಣದಲ್ಲಿ ಎಲ್ಲರಿಗೂ ತೋರಿಸಿ, ಪೇಢೆ ತೆಗೆದುಕೊಂಡು ಮನೆಗೆ ಬಂದಿದ್ದ.

ದ್ಯಾಮವ್ವ ಪೇಢೆಯನ್ನು ತಿಂದಳು. ತಿಂದು, "ಗುಣಾ ಏನಂತ?" ಎಂದಳು.

ಪತ್ರಿಕೆಯಲ್ಲಿ ಗುಣದ ಮಾತಿರಲಿಲ್ಲ. ನಾಲ್ಕಾರು ಪರಮಾಣು ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಇಲ್ಲವಾದವೆಂದು ಮಾತ್ರ ಇತ್ತು. ಅದನ್ನೇ ಓದಿ ಹೇಳಿದೆ.

"ಬಂದ ನಿಂದ್ರಲಾರದೋರಿಗಿ ಎಂಥಾ ಅರಿವಿ ಹಚ್ಚಲಿ? ಕಾಯ್ರಿ, ಖರೇನೋ ಸುಳ್ಳೋ ನೋಡೋಣು" ಎಂದು ಅವಳು ಕೈ ಒರೆಸಿಕೊಂಡಳು. ಒಂದೆರಡು ವರ್ಷದಲ್ಲಿ ಆ ಪ್ರಯೋಗಾಲಯದವರೇ ನಾವು ಹೇಳಿದ್ದು ಸರಿಯಲ್ಲ, ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದರು. ಆ ಸುದ್ದಿಯನ್ನು ನನಗೆ ತಂದು ಹೇಳಿದ್ದು ಯಾರು ಗೊತ್ತೇ? ಶರಣಪ್ಪ. "ಸುಳ್ಳಂತ ನೋಡ್ರಿ ಅಕ್ಕಾರ! ದೊಡ್ಡ ದೊಡ್ಡ ಮಂದಿ ಹಿಂಗ ಮಾಡಿದ್ರ ಹ್ಯಾಂಗರಿ?" ಎಂದು ಅವನು ಬೈದ ರೀತಿ ನೋಡಬೇಕಿತ್ತು. ಅಷ್ಟರಲ್ಲಿ ಅವನಿಗೆ ಮದುವೆಯ ಅವಸರ ಮರೆತು ಧಾತುಗಳ ಚಿಂತೆ ಹತ್ತಿತ್ತು. ನಿಲ್ದಾಣದ ಚಹಾದಂಗಡಿಯಲ್ಲಿ "ನಮ್ಮ ಮಗಳ ಕೌದಿಗಿ ಇನ್ನೂ ಆರ ಮನಿ ಬಾಕಿ" ಎಂದು ದೊಡ್ಡಸ್ತಿಕೆಯಿಂದ ಹೇಳಿಕೊಳ್ಳುತ್ತಿದ್ದ. ಬಾಕಿ ಇದೆಯೆಂದು ಮೀಸೆ ತಿರುವಿದ ಮನುಷ್ಯನನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ನೀಲಾ ಬಿ.ಎಸ್ಸಿ. ಮುಗಿಸಿದಳು, ಎಂ.ಎಸ್ಸಿ. ಮುಗಿಸಿದಳು. ಗಿಣಿಗೇರಾದ ಹತ್ತಿರದ ಕಬ್ಬಿಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಳು. ಕರಗಿದ ಕಬ್ಬಿಣದಲ್ಲಿ ಇಂಗಾಲ ಎಷ್ಟು, ಮ್ಯಾಂಗನೀಸ್ ಎಷ್ಟು, ಗಂಧಕ ಎಷ್ಟು ಎಂದು ನೋಡುವ ಕೆಲಸ. "ಎಲ್ಲಾ ನಮ್ಮ ಕೌದ್ಯಾಗಿನ ಮಂದೀನ ಅಕ್ಕಾರ" ಎಂದು ನಗುತ್ತಿದ್ದಳು. ಅಲ್ಲಿಯೇ ಒಬ್ಬ ಹುಡುಗನನ್ನು ಮೆಚ್ಚಿ, ತಾನೇ ಬಂದು ಆಯಿಯ ಮುಂದೆ ಕೂತು ಹೇಳಿದಳು.

"ನಿನ್ನ ಓದು ಮುಗೀತೇನು?" ಎಂದಳು ದ್ಯಾಮವ್ವ.

"ಮುಗೀತು ಆಯಿ."

"ಮತ್ತೇನು? ಕೌದಿ ಮುಗೀಲಿಕ್ಕಂದ್ರೂ ನಡಿತೈತಿ, ಹಂಗ ಒಯ್ಯಿ."

ಬಾಗಿಲಲ್ಲಿ ನಿಂತಿದ್ದ ಶರಣಪ್ಪ ತಾಯಿಯನ್ನೂ ನೋಡಿದ, ನನ್ನನ್ನೂ ನೋಡಿದ. ಇನ್ನು ಕೂಗಾಡುತ್ತಾನೆ ಎಂದು ನಾನು ಸೆರಗು ಬಿಗಿದುಕೊಂಡೆ. ಅವನು ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದ. "ನನ್ನ ಕುಣಸ್ತಿ ಅಂತ ನನಗ ಎಂದೋ ಗೊತ್ತಾಗಿತ್ತ ಬಿಡವ್ವ" ಎಂದ.

ಮದುವೆಯಾಗಿ ನೀಲಾ ಕೌದಿಯನ್ನು ಹಾಗೆಯೇ ಕೊಪ್ಪಳದ ಮನೆಗೆ ಒಯ್ದಳು. ಆ ಆರು ಮನೆಗಳು ಪೂರ್ತಿ ತುಂಬುವುದನ್ನು ದ್ಯಾಮವ್ವ ನೋಡಲಿಲ್ಲ. ಎರಡು ಸಾವಿರದ ಹದಿನಾರರಲ್ಲಿ ಕೊನೆಯ ನಾಲ್ಕಕ್ಕೆ ಹೆಸರಿಟ್ಟಾಗ ಅವಳು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ನಾನೂ ನೀಲಾಳೂ ಕೂತು ಆರೂ ಮನೆಗಳಿಗೆ ಬಟ್ಟೆ ಹಚ್ಚಿದೆವು. ಯಾವ ಕಂಬಸಾಲಿಗೆ ಯಾವ ಬಟ್ಟೆಯೋ ಅದೇ, ತುದಿಯದಕ್ಕೆ ರೇಷ್ಮೆ. ಬುತ್ತಿಯ ಮೂಲೆ ಮಾತ್ರ ಇಂದು ನಾಳೆ ಎನ್ನುತ್ತ ಉಳಿದೇಹೋಯಿತು. ಆಯಿಯ ಕೈ ಇಲ್ಲದೆ ಅದನ್ನು ಮುಚ್ಚಲು ನೀಲಾಳಿಗೆ ಮನಸ್ಸಾಗಲಿಲ್ಲ, ನನಗೂ ಆಗಲಿಲ್ಲ. ಕೊನೆಗೆ ಈ ವರ್ಷ ಅವಳೇ ಫೋನು ಮಾಡಿ, "ಇನ್ನ ಸಾಕ್ರಿ ಅಕ್ಕಾರ, ನೀವು ರಿಟೈರ್ ಆಗೋದರಾಗ ಮುಗಸೋಣು" ಎಂದು ಭಾನುವಾರ ಗೊತ್ತು ಮಾಡಿದಳು.

ಹಾಗೆ ಮೊನ್ನೆ ಭಾನುವಾರ ಕೊಪ್ಪಳಕ್ಕೆ ಹೋದೆ. ಪ್ಲಾಸ್ಟಿಕ್ ಹಾಳೆಯನ್ನು ಕೊಳ್ಳಲಿಲ್ಲ. ಆದರೆ ಅದರ ತುಂಬಿದ ಮನೆಗಳು ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿ, ಮುಗಿಸುವ ಕಾರ್ಯಕ್ಕೆ ಹೊರಟವಳ ಮನಸ್ಸು ಅಷ್ಟೇನೂ ಹಗುರಾಗಿರಲಿಲ್ಲ. ನೀಲಾ ಹಾಲ್ ತುಂಬ ಕೌದಿ ಹಾಸಿದ್ದಳು. ತಟ್ಟೆಯಲ್ಲಿ ರೊಟ್ಟಿ, ಹೋಳಿಗೆ. ಸೂಜಿಗೆ ದಾರ ಪೋಣಿಸಿ ಇಟ್ಟಿತ್ತು. ಅವಳ ಮಗಳು ದಿಯಾ ನನಗೆ ನೀರು ತಂದುಕೊಟ್ಟಳು. ಶಾಲೆಯ ದಾಖಲೆಯಲ್ಲಿ ದಿಯಾ, ತಾತನ ಬಾಯಲ್ಲಿ ದ್ಯಾಮಿ. ತಾತ ಶರಣಪ್ಪ ಎಲ್ಲಿ ಎಂದು ನೋಡಿದರೆ, ಕೌದಿಯ ತೆರೆದ ಮೂಲೆಯ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ.

"ಏಳಪ್ಪಾ, ಬುತ್ತಿ ಇಡಬೇಕು" ಎಂದಳು ನೀಲಾ.

"ಏಳಂಗಿಲ್ಲ."

"ಯಾಕ?"

"ಅಕ್ಕಾರ, ನೀವ ಹೇಳ್ರಿ" ಎಂದು ಅವನು ನನ್ನನ್ನು ಸಾಕ್ಷಿಗೆ ಕರೆದ. "ನೂರಾ ಹತ್ತೊಂಬತ್ತು ಹುಡುಕಾಕ ಹತ್ಯಾರೋ ಇಲ್ಲೋ? ಜಪಾನದಾಗ?"

"ಹತ್ಯಾರರಿ."

"ಸಿಕ್ಕೈತೇನು?"

"ಇನ್ನೂ ಇಲ್ಲರಿ."

"ಸಿಕ್ಕರ ಎಲ್ಲಿ ಕುಂದ್ರಸ್ತೀರಿ? ಈ ಸಾಲ ತುಂಬೇತಿ. ಎಂಟನೇ ಸಾಲ ಬೇಕಾಕ್ಕೈತೋ ಇಲ್ಲೋ?" ಎಂದು ತೊಡೆಯ ಕೆಳಗಿನಿಂದ ಮಡಚಿದ ಹೊಸ ಧೋತರವೊಂದನ್ನು ಎಳೆದು ನನ್ನ ಮುಂದೆ ಇಟ್ಟ. ಬೆಳಿಗ್ಗೆಯೇ ಜವಾಹರ ರಸ್ತೆಗೆ ಹೋಗಿ ತಂದನಂತೆ. ಆಮೇಲೆ ದನಿ ತಗ್ಗಿಸಿದ. ಎಪ್ಪತ್ತು ದಾಟಿದ ಮನುಷ್ಯ, ಕಣ್ಣಲ್ಲಿ ನೀರು ತುಂಬಿತ್ತು. "ದ್ಯಾಮಿ ಹತ್ತನೇತ್ತಿ ಅದಾಳರಿ ಅಕ್ಕಾರ. ಮುಂದ ಎಷ್ಟ ಓದತಾಳ ಏನೋ. ಈಗ ಕೌದಿ ಮುಗಸಿದ್ರ ಹ್ಯಾಂಗರಿ?"

'ಯಾವಾಗ ಮುಗಿತೈತಿ' ಎಂದು ವರ್ಷಗಟ್ಟಲೆ ಕೇಳಿದ ಅಪ್ಪನ ಪಕ್ಕದಲ್ಲಿ ನೀಲಾ ಕೂತು, ಅವನ ಹೆಗಲಿಗೆ ಹಣೆ ಹಚ್ಚಿದಳು. ನಾನು ಸುಣ್ಣದ ಕಡ್ಡಿ ಕೇಳಿದೆ, ದಿಯಾ ತಂದುಕೊಟ್ಟಳು. ಮಂಡಿ ನೋವನ್ನು ಬೈದುಕೊಳ್ಳುತ್ತ ಹೊಸ ಧೋತರದ ಮೇಲೆ ಗೆರೆ ಎಳೆಯತೊಡಗಿದೆ, ಅಡ್ಡಕ್ಕೆ ಅಂಗೈಯಗಲ, ಉದ್ದಕ್ಕೆ ಗೇಣು. ಬುತ್ತಿಗೆಂದು ಮಾಡಿದ ಹೋಳಿಗೆಯನ್ನು ಶರಣಪ್ಪ ಮೊಮ್ಮಗಳ ಬಾಯಿಗೆ ಇಟ್ಟ.